ಎಡಗಾಲಿನ ಬೆಲೆ

1

ಬಡವರ ಮನೆಯ ಹುಡುಗನೊಬ್ಬ ಹೆಸರು ಮಾಡಿ, ಆಮೇಲೆ ಬಿದ್ದುಹೋದರೆ ಊರ ಕಟ್ಟೆಯ ಮೇಲೆ ಕೂತವರಿಗೆ ವಿವರಣೆ ಸಿದ್ಧವಾಗಿರುತ್ತದೆ. 'ದೇವರು ಕೊಟ್ಟಿದ್ದ, ಇವನು ಉಳಿಸಿಕೊಳ್ಳಲಿಲ್ಲ' ಅಂತ ಹೇಳಿ ಎಲೆಯಡಿಕೆ ಉಗಿದರೆ ಮುಗಿಯಿತು. ಅದೇ ಉಳ್ಳವರ ಮನೆಯ ಮಗ ಕೆಟ್ಟರೆ ಅದು ಗ್ರಹಚಾರ. ಇಲ್ಲದವನು ಕೆಟ್ಟರೆ ಚಟ. ಒಂದೇ ಬೀಳುವಿಕೆಗೆ ಎರಡು ಹೆಸರು.

ಸ್ಕಾಟ್ಲೆಂಡಿನ ಫುಟ್ಬಾಲ್ ಆಟಗಾರ ಜಿಮ್ ಬ್ಯಾಕ್ಸ್ಟರ್‌ನ ಕತೆಯನ್ನೂ ಅಲ್ಲಿಯವರು ಬಹುಕಾಲ ಹೀಗೇ ಹೇಳಿಕೊಂಡು ಬಂದರು. ಅಪರೂಪದ ಪ್ರತಿಭೆ, ಕುಡಿದು ಹಾಳಾದ, 31 ತುಂಬುವ ಹೊತ್ತಿಗೆ ಆಟವೇ ಮುಗಿಯಿತು ಎನ್ನುವುದು ಅದರ ಸಾರಾಂಶ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇಷ್ಟೇ ಹೇಳಿ ನಿಲ್ಲಿಸಿದರೆ ಬಚ್ಚಿಟ್ಟ ಸತ್ಯ ಬಹಳ ಉಳಿಯುತ್ತದೆ. ಆತ ಎಲ್ಲಿಂದ ಬಂದ, ಆತನ ಕಾಲಿಗೆ ಬೆಲೆ ಕಟ್ಟಿದವರು ಯಾರು, ಆ ದುಡ್ಡು ಯಾರ ತಿಜೋರಿಗೆ ಹೋಯಿತು, ಕಾಲು ಮುರಿದಾಗ ಯಾರಿದ್ದರು, ಇವೆಲ್ಲ ಆ ಕತೆಯಲ್ಲಿ ಬರುವುದೇ ಇಲ್ಲ. ನಾವು ಈ ಲೇಖನದಲ್ಲಿ ಆ ಬಿಟ್ಟುಹೋದ ಲೆಕ್ಕವನ್ನು ಓದಲು ಹೊರಟಿದ್ದೇವೆ.

ಹಳ್ಳಿಯ ಮೇಷ್ಟರೊಬ್ಬರು ಕೇಳಬಹುದು: ಸ್ಕಾಟ್ಲೆಂಡಿನ ಚೆಂಡಾಟ ಕಟ್ಟಿಕೊಂಡು ನಮಗೇನಾಗಬೇಕು? ನ್ಯಾಯವಾದ ಪ್ರಶ್ನೆಯೇ. ಇದನ್ನು ಕೊನೆಯವರೆಗೆ ಓದಿ, ಆಮೇಲೆ ಮತ್ತೆ ಕೇಳಿ ಎನ್ನುವುದಷ್ಟೇ ಸದ್ಯಕ್ಕೆ ನಮ್ಮ ಉತ್ತರ.

ನಮ್ಮಲ್ಲಿ ಹೊಸ ಮನೆಗೆ ಬಲಗಾಲಿಟ್ಟು ಬಾ ಅನ್ನುತ್ತಾರೆ. ಎಡಗಾಲೆಂದರೆ ಅಶುಭ, ಒದೆಯುವುದಕ್ಕಷ್ಟೇ ಇರುವುದು. ಬ್ಯಾಕ್ಸ್ಟರ್‌ಗೆ ಇದ್ದುದೆಲ್ಲ ಎಡಗಾಲೇ. ಬಲಗಾಲು ನಿಲ್ಲುವುದಕ್ಕೆ ಮಾತ್ರ ಅಂತ ಜನ ತಮಾಷೆ ಮಾಡುತ್ತಿದ್ದರು. ಆ ಎಡಗಾಲು ಹುಟ್ಟಿದ್ದು ಕಲ್ಲಿದ್ದಲ ನಾಡಿನಲ್ಲಿ. ಆದ್ದರಿಂದ ಮೊದಲು ಆ ನೆಲದ ಕತೆ.

2

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಫೈಫ್ ಎಂಬ ಜಿಲ್ಲೆ. ಅದರ ಪಶ್ಚಿಮ ಭಾಗದಲ್ಲಿ ಕೌಡನ್‌ಬೀತ್ ಎಂಬ ಪಟ್ಟಣ. ಅದರ ಪಕ್ಕದ ಗಣಿಹಳ್ಳಿ ಹಿಲ್ ಆಫ್ ಬೀತ್. ಬ್ಯಾಕ್ಸ್ಟರ್ ಅಲ್ಲಿ 1939ರ ಸೆಪ್ಟೆಂಬರ್ 29ರಂದು ಹುಟ್ಟಿದ. ಆತ ಹುಟ್ಟಿ ಒಂದು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 28ರಂದು, ಅದೇ ಪಶ್ಚಿಮ ಫೈಫಿನ ವ್ಯಾಲಿಫೀಲ್ಡ್ ಗಣಿಯಲ್ಲಿ ಸ್ಫೋಟವಾಗಿ 35 ಜನ ಸತ್ತರು. ಗಣಿನಾಡಿನ ತಾಯಂದಿರು ತೊಟ್ಟಿಲು ತೂಗುತ್ತಿದ್ದುದು ಇಂಥ ಸುದ್ದಿಗಳ ನಡುವೆ.

ಈ ಗಣಿಗಾರರ ಹಿಂದಿನ ಚರಿತ್ರೆ ನಮ್ಮ ಓದುಗರಿಗೆ ಅಷ್ಟಾಗಿ ಗೊತ್ತಿರಲಾರದು. 1606ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. ಕಲ್ಲಿದ್ದಲು ಅಗೆಯುವವನು, ಅದನ್ನು ಹೊರುವವನು, ಉಪ್ಪು ಕಾಯಿಸುವವನು ಹಿಂದಿನ ಧಣಿಯ ಒಪ್ಪಿಗೆ ಚೀಟಿಯಿಲ್ಲದೆ ಬೇರೆ ಕಡೆ ಕೆಲಸಕ್ಕೆ ಸೇರುವ ಹಾಗಿಲ್ಲ. ಬಿಟ್ಟು ಓಡಿಹೋದರೆ ಒಂದು ವರ್ಷ ಒಂದು ದಿನದೊಳಗೆ ಧಣಿ ಅವನನ್ನು ಹಿಡಿದು ತರಿಸಬಹುದು. ಅಂಥವನಿಗೆ ಕಾಯಿದೆ ಕೊಟ್ಟ ಹೆಸರು ಕಳ್ಳ. ಅವನು ಕದ್ದದ್ದು ಏನು? ತನ್ನದೇ ಮೈಯನ್ನು. ತನ್ನ ರಟ್ಟೆಯನ್ನು ತಾನೇ ಕದ್ದುಕೊಂಡು ಓಡಿದ ಅಪರಾಧಕ್ಕೆ ಶಿಕ್ಷೆ. ಗಣಿ ಮಾರಿದರೆ ಗಣಿಯ ಜೊತೆಗೆ ಆಳುಗಳೂ ಹೊಸ ಧಣಿಯ ಪಾಲಾಗುತ್ತಿದ್ದರು. ಮಗು ಹುಟ್ಟಿದಾಗ, ನಾಮಕರಣದ ಹೊತ್ತಿಗೆ, ಧಣಿ ಒಂದಿಷ್ಟು ಕಾಣಿಕೆ ಕೊಡುತ್ತಿದ್ದ. ಅಪ್ಪ ಅದನ್ನು ಕೈಯೊಡ್ಡಿ ತೆಗೆದುಕೊಂಡರೆ ಮಗುವೂ ಗಣಿಗೆ ಬರೆದುಕೊಟ್ಟ ಹಾಗೆ. ಜೀತ ಎಂದರೇನು ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1701ರಲ್ಲಿ ವಿಚಾರಣೆಯಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದು ಎನ್ನುವ ಕಾಯಿದೆ ಬಂತು. ಅದರಲ್ಲಿ ಗಣಿಗಾರರನ್ನು ಬೇಕೆಂದೇ ಹೊರಗಿಟ್ಟರು. ಫೈಫಿನ ಇನ್ನೊಂದು ಪಟ್ಟಣ ಕರ್ಕಾಡಿ. ಮುಕ್ತ ವ್ಯಾಪಾರದ ಗುರು ಎಂದು ಪಾಠಪುಸ್ತಕಗಳು ಹೊಗಳುವ ಆಡಂ ಸ್ಮಿತ್ ಹುಟ್ಟಿದ ಊರು ಅದು. ತನ್ನ ದೇಶದಲ್ಲಿ ಗಣಿಗಾರರೂ ಉಪ್ಪು ಕಾಯಿಸುವವರೂ ಇನ್ನೂ ಗುಲಾಮಿಯಲ್ಲಿ ಇದ್ದಾರೆಂದು ಸ್ಮಿತ್ ತನ್ನ ಪಾಠಗಳಲ್ಲಿ ಸ್ವತಃ ಒಪ್ಪಿಕೊಂಡಿದ್ದ.

1775ರಲ್ಲಿ ಅರೆಬರೆ ಬಿಡುಗಡೆಯ ಕಾಯಿದೆ ಬಂತು, 1799ರಲ್ಲಿ ಪೂರ್ತಿ ಬಿಡುಗಡೆ. ನಮಗೆ 1799 ಎಂದರೆ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತ ವರ್ಷ. ಅಂದು ಕೋಟೆಗೆ ನುಗ್ಗಿದ ದಂಡಿನ ಮುಂದಾಳು ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. ಆ ದಂಡಿನಲ್ಲಿ ಸ್ಕಾಟಿಷ್ ಪಡೆಗಳೂ ಇದ್ದವು. ಅಂದರೆ ಸ್ಕಾಟ್ಲೆಂಡಿನ ದೊಡ್ಡಮನೆಯವರು ಕಾವೇರಿ ದಡದಲ್ಲಿ ಸಾಮ್ರಾಜ್ಯ ಕಟ್ಟುತ್ತಿದ್ದ ಆ ಬೇಸಿಗೆಯವರೆಗೂ ಅವರ ಊರಿನ ಗಣಿಗಾರ ಧಣಿಯ ಸ್ವತ್ತೇ ಆಗಿದ್ದ. ಸ್ಕಾಟ್ಲೆಂಡ್ ಎಂದರೆ ಇಂಗ್ಲೆಂಡಿನ ಕೈಕೆಳಗಿನ ಪಾಪದ ದೇಶ ಎಂದು ಯಾರಾದರೂ ಸರಳವಾಗಿ ಹೇಳಿದರೆ ನಾವು ಒಪ್ಪಬಾರದು. ಯಾವ ಸ್ಕಾಟ್ಲೆಂಡ್ ಎಂದು ಮೊದಲು ಕೇಳಬೇಕು. ಒಂದೇ ದೇಶದಲ್ಲಿ ಎರಡು ದೇಶ ಇರುತ್ತದೆ ಎನ್ನುವುದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಬಿಡುಗಡೆಯಾದ ಮೇಲೂ ಹೆಂಗಸರು ಬೆನ್ನ ಮೇಲೆ ಕಲ್ಲಿದ್ದಲ ಬುಟ್ಟಿ ಹೊತ್ತು ಗಣಿಯ ಏಣಿ ಹತ್ತುತ್ತಿದ್ದರು. ಹೆಂಗಸರನ್ನೂ 10 ವರ್ಷದೊಳಗಿನ ಗಂಡುಮಕ್ಕಳನ್ನೂ ಗಣಿಯೊಳಗೆ ಇಳಿಸಬಾರದೆಂಬ ಕಾಯಿದೆ ಬಂದದ್ದು 1842ರಲ್ಲಿ. ಇಂಥ ನೆಲದಲ್ಲಿ ಸಂಘಟನೆ ಬೆಳೆಯದೆ ಇದ್ದೀತೆ? ಪಶ್ಚಿಮ ಫೈಫಿನ ಜನ 1935ರಲ್ಲಿ ಕಮ್ಯುನಿಸ್ಟ್ ಪಕ್ಷದ ವಿಲ್ಲಿ ಗ್ಯಾಲಕರ್‌ನನ್ನು ಪಾರ್ಲಿಮೆಂಟಿಗೆ ಕಳಿಸಿ 1950ರವರೆಗೂ ಗೆಲ್ಲಿಸಿದರು. 1947ರ ಜನವರಿ 1ರಂದು ಬ್ರಿಟನ್ನಿನ ಕಲ್ಲಿದ್ದಲ ಗಣಿಗಳು ರಾಷ್ಟ್ರೀಕರಣವಾದವು. ಬ್ಯಾಕ್ಸ್ಟರ್‌ಗೆ ಆಗ 7 ವರ್ಷ.

3

ಶಾಲೆ ಬಿಟ್ಟ ಹುಡುಗ ಕೆಲವು ತಿಂಗಳು ಬಡಗಿ ಕೆಲಸ ಕಲಿತ. ಆಮೇಲೆ ಊರಿನ ಎಲ್ಲ ಹುಡುಗರ ಹಾಗೆ ಗಣಿಗೆ ಇಳಿದ. ಬಿಡುವಿನಲ್ಲಿ ಕ್ರಾಸ್‌ಗೇಟ್ಸ್ ಪ್ರಿಮ್‌ರೋಸ್ ಎಂಬ ಪಕ್ಕದೂರಿನ ತಂಡಕ್ಕೆ ಚೆಂಡಾಡಿದ. 1957ರಲ್ಲಿ ಕರ್ಕಾಡಿಯ ರೇತ್ ರೋವರ್ಸ್ ತಂಡ ಕರೆಯಿತು. ಆಗಲೂ ಗಣಿ ಬಿಡಲಿಲ್ಲ. ಗಣಿಯಲ್ಲಿ ಕೂಲಿ, ಶನಿವಾರ ಮೈದಾನ.

ಸ್ಕಾಟ್ಲೆಂಡಿನ ಗಣಿಹಳ್ಳಿಗಳಿಂದ ಫುಟ್ಬಾಲಿಗೆ ಬಂದವರ ಪಟ್ಟಿ ದೊಡ್ಡದು. ಮ್ಯಾಂಚೆಸ್ಟರ್ ಯುನೈಟೆಡ್ ಕಟ್ಟಿದ ಮ್ಯಾಟ್ ಬಸ್ಬಿ, ಲಿವರ್‌ಪೂಲ್ ಕಟ್ಟಿದ ಬಿಲ್ ಶಾಂಕ್ಲಿ, ಸೆಲ್ಟಿಕ್ ಕಟ್ಟಿದ ಜಾಕ್ ಸ್ಟೀನ್, ಮೂವರೂ ಗಣಿಯಲ್ಲಿ ದುಡಿದವರೇ. ಗಣಿಗಾರರ ರಕ್ತದಲ್ಲೇ ಫುಟ್ಬಾಲ್ ಇತ್ತು ಅಂತ ಕೆಲವರು ಬರೆಯುತ್ತಾರೆ. ರಕ್ತದ ಮಾತು ನಮಗೆ ಬೇಡ. ರಕ್ತದ ಹೆಸರು ಹೇಳಿಯೇ ನಮ್ಮನ್ನು ಸಾವಿರಾರು ವರ್ಷ ಚರ್ಮ, ಪೊರಕೆ, ಹೆಣದ ಕೆಲಸಕ್ಕೆ ಕಟ್ಟಿಹಾಕಿದ್ದು. ನಿಜ ಕಾರಣ ಸರಳವಾದದ್ದು. ಚೆಂಡು ಅಗ್ಗ. ಆಡಲು ಕುದುರೆ ಬೇಡ, ಬಿಳಿ ಉಡುಪು ಬೇಡ, ಇಂಗ್ಲಿಷ್ ಶಾಲೆಯ ಉಚ್ಚಾರಣೆ ಬೇಡ. ಗಣಿಯಿಂದ ಮೇಲೆ ಬರಲು ಇದ್ದ ಏಣಿಗಳೇ ಕಡಿಮೆ. ಅದರಲ್ಲಿ ಇದೊಂದು.

ಮೈದಾನದಲ್ಲಿ ಬ್ಯಾಕ್ಸ್ಟರ್‌ನ ಜಾಗವನ್ನು ಆಗ ಲೆಫ್ಟ್ ಹಾಫ್ ಅನ್ನುತ್ತಿದ್ದರು, ಈಗ ಮಿಡ್‌ಫೀಲ್ಡರ್ ಅನ್ನುತ್ತಾರೆ. ಹಿಂದಿನ ಸಾಲಿನಿಂದ ಚೆಂಡು ತೆಗೆದುಕೊಂಡು ಮುಂದಿನ ಸಾಲಿಗೆ ಹಂಚುವ ಕೆಲಸ. ಗೋಲು ಹೊಡೆದವನ ಹೆಸರು ಪೇಪರಿನಲ್ಲಿ ಬರುತ್ತದೆ, ಹಂಚಿದವನದು ಬರುವುದು ಅಪರೂಪ. ಬ್ಯಾಕ್ಸ್ಟರ್ ಮಾತ್ರ ಹಂಚುವ ಕೆಲಸದಲ್ಲೇ ಹೆಸರು ಮಾಡಿದ. ಓಡುವವನಲ್ಲ, ಅವಸರ ಇಲ್ಲ. ಉಳಿದವರು ಏದುಸಿರು ಬಿಡುತ್ತಿರುವಾಗ ಈತ ಚೆಂಡನ್ನು ಕಾಲಡಿ ಇಟ್ಟುಕೊಂಡು ಸುತ್ತ ನೋಡುತ್ತ ನಿಂತಿರುತ್ತಿದ್ದ. ಆಮೇಲೆ 30-40 ಗಜ ದೂರದ ಗೆಳೆಯನ ಪಾದಕ್ಕೆ ಸರಿಯಾಗಿ ಕಳಿಸುತ್ತಿದ್ದ. ತೆಳ್ಳಗಿದ್ದ ಕಾರಣಕ್ಕೆ ಜನ 'ಸ್ಲಿಮ್ ಜಿಮ್' ಎಂದು ಕರೆದರು.

1960ರ ಜೂನ್‌ನಲ್ಲಿ ಗ್ಲಾಸ್ಗೋದ ರೇಂಜರ್ಸ್ ಕ್ಲಬ್ ಬ್ಯಾಕ್ಸ್ಟರ್‌ನನ್ನು 17,500 ಪೌಂಡಿಗೆ ಕೊಂಡಿತು. ದುಡ್ಡು ಹೋದದ್ದು ರೇತ್ ರೋವರ್ಸ್‌ಗೆ. ಇದು ಆತನ ಮೊದಲ ಬೆಲೆ.

4

ಮುಂದಿನ 5 ವರ್ಷ ಏರುಗಾಲ. ರೇಂಜರ್ಸ್ ತಂಡ ಬ್ಯಾಕ್ಸ್ಟರ್ ಇದ್ದಾಗ 3 ಲೀಗ್, 3 ಸ್ಕಾಟಿಷ್ ಕಪ್, 4 ಲೀಗ್ ಕಪ್, ಒಟ್ಟು 10 ಪ್ರಶಸ್ತಿ ಗೆದ್ದಿತು. ನಡುವೆ 1961ರಿಂದ 1963ರವರೆಗೆ ಕಡ್ಡಾಯ ಸೈನ್ಯದ ಚಾಕರಿಯನ್ನೂ ಮಾಡಿದ. 1963ರ ಮೇ 15ರಂದು ಗ್ಲಾಸ್ಗೋದ ಹ್ಯಾಂಪ್ಡನ್ ಮೈದಾನದಲ್ಲಿ 1,20,000ಕ್ಕೂ ಹೆಚ್ಚು ಜನರ ಎದುರು ರೇಂಜರ್ಸ್ ತಂಡ ಸೆಲ್ಟಿಕ್ ತಂಡವನ್ನು 3-0ಯಿಂದ ಸೋಲಿಸಿತು. ಅಷ್ಟು ಜನ ಟಿಕೆಟ್ ಕೊಂಡು ಬಂದಿದ್ದರು ಎನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅದೇ ವರ್ಷ ಏಪ್ರಿಲ್ 6ರಂದು ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಆಟ. ಶುರುವಿನಲ್ಲೇ ಸ್ಕಾಟ್ಲೆಂಡಿನ ನಾಯಕ ಎರಿಕ್ ಕಾಲ್ಡೋ ಕಾಲು ಮುರಿದುಕೊಂಡು ಹೊರಬಿದ್ದ. ಬದಲಿ ಆಟಗಾರನನ್ನು ಇಳಿಸುವ ನಿಯಮ ಆಗ ಇರಲಿಲ್ಲ. 10 ಜನ 11 ಜನರ ವಿರುದ್ಧ ಆಡಬೇಕು. ಎದುರಾಳಿಯ ಕಾಲಿನಿಂದ ತಪ್ಪಿದ ಚೆಂಡನ್ನು ಕಸಿದು ಬ್ಯಾಕ್ಸ್ಟರ್ ಒಂದು ಗೋಲು ಹೊಡೆದ, ಸ್ವಲ್ಪ ಹೊತ್ತಿಗೆ ಪೆನಾಲ್ಟಿಯಿಂದ ಇನ್ನೊಂದು. ಸ್ಕಾಟ್ಲೆಂಡ್ 2-1ರಿಂದ ಗೆದ್ದಿತು. ಅಕ್ಟೋಬರ್‌ನಲ್ಲಿ ಅದೇ ವೆಂಬ್ಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಜಗತ್ತಿನ ಉಳಿದ ದೇಶಗಳ ತಂಡ ಆಡಿತು. ಪುಷ್ಕಾಸ್, ಡಿ ಸ್ಟೆಫಾನೊ, ಯೂಸೇಬಿಯೊ, ಯಾಶಿನ್ ಇದ್ದ ಆ ತಂಡದಲ್ಲಿ ಹಿಲ್ ಆಫ್ ಬೀತ್‌ನ ಗಣಿ ಹುಡುಗನೂ ಆಡಿದ. ಆಗ 24 ವರ್ಷ.

ರೇಂಜರ್ಸ್ ಕ್ಲಬ್ಬಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಗ್ಲಾಸ್ಗೋದಲ್ಲಿ ಎರಡು ಕ್ಲಬ್. ಸೆಲ್ಟಿಕ್ ಹುಟ್ಟಿದ್ದು ಐರ್ಲೆಂಡಿನಿಂದ ಕೂಲಿಗೆ ಬಂದ ಕ್ಯಾಥೊಲಿಕ್ ಬಡವರ ಮಕ್ಕಳಿಗೆ ಊಟ ಹಾಕಲು, ಒಬ್ಬ ಧರ್ಮಬಂಧುವಿನ ಪ್ರಯತ್ನದಿಂದ. ರೇಂಜರ್ಸ್ ಪ್ರಾಟೆಸ್ಟೆಂಟರ ಕ್ಲಬ್ ಆಯಿತು. ಮೊದಲ ಮಹಾಯುದ್ಧದ ಕಾಲದಿಂದ 1989ರವರೆಗೆ ಅದು ಗೊತ್ತಿದ್ದೂ ಗೊತ್ತಿದ್ದೂ ಕ್ಯಾಥೊಲಿಕ್ ಆಟಗಾರನನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಎಲ್ಲೂ ಬರೆದಿಟ್ಟ ನಿಯಮವಲ್ಲ. ಬರೆಯದ ನಿಯಮಕ್ಕೇ ಬಲ ಹೆಚ್ಚು. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟವನು ಅದರ ಮೇಲೆ ಬೋರ್ಡು ಬರೆಸಿದ್ದನೆ?

ಬ್ಯಾಕ್ಸ್ಟರ್ ಇದರ ವಿರುದ್ಧ ಭಾಷಣ ಮಾಡಿದವನಲ್ಲ. ಆದರೆ ಆ ಗೋಡೆಯನ್ನು ಲೆಕ್ಕಕ್ಕೂ ಇಡಲಿಲ್ಲ. ಬಿಲ್ಲಿ ಮೆಕ್‌ನೀಲ್, ಪ್ಯಾಟ್ ಕ್ರೆರಾಂಡ್ ಮುಂತಾದ ಸೆಲ್ಟಿಕ್ ಆಟಗಾರರು ಆತನ ಗೆಳೆಯರಾಗಿದ್ದರು. ಅವರ ಜೊತೆ ಕೂತು ಉಂಡ, ಕುಡಿದ. ಎರಡೂ ಕಡೆಯ ಕಟ್ಟಾಳುಗಳಿಗೆ ಇದು ಹಿಡಿಸದ ಕೆಲಸ. ಗಣಿಯ ಕತ್ತಲೆಯಲ್ಲಿ ಪಕ್ಕದಲ್ಲಿ ಕೆಲಸ ಮಾಡುವವನ ಪೂಜೆ ಯಾವ ಗುಡಿಯಲ್ಲಿ ಅಂತ ಕೇಳುತ್ತ ಕೂರಲಾಗುವುದಿಲ್ಲ. ಆ ಪಾಠ ಎಲ್ಲೋ ಉಳಿದಿತ್ತೆಂದು ನಾವು ಊಹಿಸುತ್ತೇವೆ.

5

ಈಗ ಕೂಲಿಯ ಮಾತು.

ಇಂಗ್ಲೆಂಡಿನಲ್ಲಿ ಆಟಗಾರನಿಗೆ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಸಂಬಳ ಕೊಡಬಾರದು ಎಂಬ ಕಟ್ಟು ಇತ್ತು. ಆಟಗಾರರ ಸಂಘ ಜಿಮ್ಮಿ ಹಿಲ್‌ನ ಮುಂದಾಳತ್ವದಲ್ಲಿ ಮುಷ್ಕರ ಹೂಡುವ ಬೆದರಿಕೆ ಹಾಕಿದ ಮೇಲೆ 1961ರ ಜನವರಿಯಲ್ಲಿ ಆ ಕಟ್ಟು ಒಡೆಯಿತು. ಕೂಡಲೇ ಜಾನಿ ಹೇನ್ಸ್ ಎಂಬ ಆಟಗಾರನಿಗೆ ವಾರಕ್ಕೆ 100 ಪೌಂಡ್ ಸಿಕ್ಕಿತು. ಅವನ ವಿರುದ್ಧವೇ ಆಡಿ ಗೆಲ್ಲುತ್ತಿದ್ದ ಬ್ಯಾಕ್ಸ್ಟರ್‌ಗೆ ರೇಂಜರ್ಸ್ ಕೊಡುತ್ತಿದ್ದುದು ಅದಕ್ಕಿಂತ ಬಹಳ ಕಡಿಮೆ. ಹೆಚ್ಚು ಕೊಡಿ ಎಂದು ಕೇಳಿದ. ಕ್ಲಬ್ಬಿನವರು ಒಪ್ಪಲಿಲ್ಲ. ಹಾಗಾದರೆ ಬಿಟ್ಟುಬಿಡಿ ಎಂದ. ಅದಕ್ಕೂ ಒಪ್ಪಲಿಲ್ಲ. ಲಕ್ಷ ಜನ ಟಿಕೆಟ್ ಕೊಂಡದ್ದು ಆಡಳಿತ ಮಂಡಳಿಯವರ ಮುಖ ನೋಡಲೇನೂ ಅಲ್ಲ. ಆದರೂ ಕೇಳಿದವನಿಗೆ ಸಿಕ್ಕ ಹೆಸರು 'ದುರಾಸೆಯವನು'. ಕೂಲಿ ಕೇಳಿದ ಆಳಿಗೆ ಧಣಿ ಯಾವಾಗಲೂ ಕೊಡುವ ಹೆಸರು.

ಬಿಟ್ಟುಹೋಗುವುದು ಏಕೆ ಆಗಲಿಲ್ಲ? ಕರಾರು ಮುಗಿದ ಮೇಲೂ ಆಟಗಾರನ ನೋಂದಣಿ ಕ್ಲಬ್ಬಿನ ಕೈಯಲ್ಲೇ ಉಳಿಯುತ್ತಿತ್ತು. ಕ್ಲಬ್ ಬಿಟ್ಟುಕೊಡದೆ ಆತ ಬೇರೆಲ್ಲೂ ಆಡುವಂತಿಲ್ಲ. ಇಂಗ್ಲೆಂಡಿನ ಜಾರ್ಜ್ ಈಸ್ಟ್‌ಹ್ಯಾಮ್ ಇದರ ವಿರುದ್ಧ ಕೋರ್ಟಿಗೆ ಹೋದ. 1963ರಲ್ಲಿ ನ್ಯಾಯಾಧೀಶ ವಿಲ್ಬರ್‌ಫೋರ್ಸ್, ಇದು ದುಡಿಯುವ ಹಕ್ಕಿಗೆ ಹಾಕಿದ ಅನ್ಯಾಯದ ತಡೆ ಎಂದು ತೀರ್ಪು ಕೊಟ್ಟ. ಕರಾರು ಮುಗಿದ ಆಟಗಾರ ಯಾರಿಗೂ ದುಡ್ಡು ಕಟ್ಟಿಸದೆ ಹೋಗಬಹುದು ಎನ್ನುವ ಮಟ್ಟಿಗೆ ಬಿಡುಗಡೆ ಬಂದದ್ದು 1995ರ ಡಿಸೆಂಬರ್‌ನಲ್ಲಿ, ಬೆಲ್ಜಿಯಂನ ಬೋಸ್ಮನ್ ಎಂಬ ಆಟಗಾರ ಐರೋಪ್ಯ ನ್ಯಾಯಾಲಯದಲ್ಲಿ ಗೆದ್ದಾಗ. ಬ್ಯಾಕ್ಸ್ಟರ್‌ನ ಆಟ ಮುಗಿದು ಆಗ 25 ವರ್ಷ ಕಳೆದಿತ್ತು.

1606ರ ಗಣಿಕಾಯಿದೆಯನ್ನೂ 1960ರ ಫುಟ್ಬಾಲ್ ನೋಂದಣಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾವು ಹೊರಟಿಲ್ಲ. ಬ್ಯಾಕ್ಸ್ಟರ್ ಒಳ್ಳೆಯ ಸೂಟು ಹಾಕಿದ, ಹೋದಲ್ಲೆಲ್ಲ ಜನ ಮುತ್ತಿಕೊಂಡರು. ಗಣಿಯ ಜೀತದಾಳಿಗೂ ಅವನಿಗೂ ಅಜಗಜಾಂತರ. ಆದರೆ ಆ ಒಪ್ಪಿಗೆ ಚೀಟಿಯ ತರ್ಕ ಮಾತ್ರ ಸತ್ತಿರಲಿಲ್ಲ. ದುಡಿಯುವ ಮೈ ನಿನ್ನದು, ಅದರ ಚೀಟಿ ನಮ್ಮದು ಎನ್ನುವ ತರ್ಕ ಅದು.

1964ರ ಡಿಸೆಂಬರ್. ವಿಯೆನ್ನಾದಲ್ಲಿ ರಾಪಿಡ್ ತಂಡದ ವಿರುದ್ಧ ಯೂರೋಪಿಯನ್ ಕಪ್ ಪಂದ್ಯ. ಬ್ಯಾಕ್ಸ್ಟರ್ ಅಂದು ಅದ್ಭುತವಾಗಿ ಆಡಿದ. ರೇಂಜರ್ಸ್ 2-0ಯಿಂದ ಮುಂದಿತ್ತು. ಆಟ ಮುಗಿಯಲು ಇನ್ನೇನು ಕ್ಷಣಗಳಿವೆ ಎನ್ನುವಾಗ ಎದುರಾಳಿಯ ಹೊಡೆತಕ್ಕೆ ಕಾಲು ಮುರಿಯಿತು. 4 ತಿಂಗಳು ಆಟವಿಲ್ಲ. ಮೊದಲೇ ಇದ್ದ ಕುಡಿತ ಆ 4 ತಿಂಗಳಲ್ಲಿ ಎಲ್ಲೆ ಮೀರಿತು. ಕೇಳಿದಾಗ ಬಿಡದ ಕ್ಲಬ್, ಕಾಲು ಮುರಿದ ಕೆಲವೇ ತಿಂಗಳಿಗೆ, 1965ರ ಬೇಸಿಗೆಯಲ್ಲಿ, ಆತನನ್ನು ಇಂಗ್ಲೆಂಡಿನ ಸಂಡರ್‌ಲೆಂಡಿಗೆ 72,500 ಪೌಂಡಿಗೆ ಮಾರಿತು. ಕೊಂಡ ಬೆಲೆ ಕಳೆದರೆ ಲಾಭ 55,000. ಇದು ಎರಡನೆಯ ಬೆಲೆ.

6

ಸಂಡರ್‌ಲೆಂಡಿನಲ್ಲಿ 98 ಪಂದ್ಯ ಆಡಿದ, 12 ಗೋಲು ಹೊಡೆದ. ಹಿಂದಿನ ರಾತ್ರಿ ಪ್ರಜ್ಞೆ ತಪ್ಪುವಷ್ಟು ಕುಡಿದು ಮರುದಿನ ಚೆನ್ನಾಗಿ ಆಡುತ್ತಿದ್ದ ಅಂತ ಜನ ಹೆಮ್ಮೆಯಿಂದಲೇ ಹೇಳಿಕೊಂಡರು. ಆ ಹೆಮ್ಮೆಯೇ ವಿಷ. ಮನುಷ್ಯನೊಬ್ಬ ಕಣ್ಣೆದುರು ಮುಳುಗುತ್ತಿರುವಾಗ ಅದನ್ನು ಸಾಹಸದ ಕತೆ ಮಾಡಿ ಹಂಚಿಕೊಂಡರು. ಆಟ ನಡೆಯುವವರೆಗೆ ಯಾರಿಗೂ ತೊಂದರೆ ಕಾಣಲಿಲ್ಲ.

ಈ ಇಳಿಗಾಲದ ನಡುವೆಯೇ ಆತನ ಹೆಸರನ್ನು ಅಜರಾಮರ ಮಾಡಿದ ದಿನ ಬಂತು. 1967ರ ಏಪ್ರಿಲ್ 15, ಮತ್ತೆ ವೆಂಬ್ಲಿ. ಇಂಗ್ಲೆಂಡ್ ಹಿಂದಿನ ವರ್ಷ ವಿಶ್ವಕಪ್ ಗೆದ್ದಿತ್ತು. 19 ಪಂದ್ಯಗಳಿಂದ ಸೋತಿರಲಿಲ್ಲ. ಸ್ಕಾಟ್ಲೆಂಡ್ ಆ ವಿಶ್ವಕಪ್ಪಿಗೆ ಅರ್ಹತೆಯನ್ನೂ ಪಡೆದಿರಲಿಲ್ಲ. 1961ರಲ್ಲಿ ಇದೇ ಮೈದಾನದಲ್ಲಿ 9-3ರಿಂದ ಸೋತ ಗಾಯ ಬೇರೆ.

ಸ್ಕಾಟ್ಲೆಂಡ್ ಮುನ್ನಡೆಯಲ್ಲಿತ್ತು. ಆಗ ಬ್ಯಾಕ್ಸ್ಟರ್ ಮಾಡಿದ್ದೇನು? ಮೈದಾನದ ನಡುವೆ ನಡೆಯುತ್ತಾ, ಚೆಂಡನ್ನು ನೆಲಕ್ಕೆ ಬೀಳಲು ಬಿಡದೆ ಎಡಗಾಲಲ್ಲಿ ಚಿಮ್ಮಿಸುತ್ತಾ ಹೋದ. ಬೀದಿಯಲ್ಲಿ ಹುಡುಗರು ಎಣಿಸಿಕೊಂಡು ಆಡುವ ಹಾಗೆ. ವಿಶ್ವವಿಜೇತರು ಸುತ್ತ ನಿಂತು ನೋಡಬೇಕಾಯಿತು. ಅದೇ ತಂಡದ ಡೆನಿಸ್ ಲಾ ಬೇಡುತ್ತಿದ್ದುದು ಬೇರೆ. ಇನ್ನಷ್ಟು ಗೋಲು ಹೊಡೆಯೋಣ, 9-3ರ ಸೇಡನ್ನು ಲೆಕ್ಕದಲ್ಲೇ ತೀರಿಸೋಣ ಎನ್ನುವುದು ಅವನ ಹಟ. ಬ್ಯಾಕ್ಸ್ಟರ್‌ಗೆ ಲೆಕ್ಕ ಬೇಕಿರಲಿಲ್ಲ, ನಗಾಡಬೇಕಿತ್ತು. ಕೊನೆಗೆ ಸ್ಕೋರು 3-2. ದಾಖಲೆ ಪುಸ್ತಕ ನೋಡಿದವನಿಗೆ ಅದು ಕೂದಲೆಳೆಯ ಗೆಲುವು. ಸ್ಕಾಟ್ಲೆಂಡಿನ ಜನರ ಬಾಯಲ್ಲಿ ಮಾತ್ರ ಉಳಿದದ್ದು ನೆಲ ಮುಟ್ಟದ ಆ ಚೆಂಡು.

ಇವರಲ್ಲಿ ಯಾರು ಸರಿ? ನಮ್ಮ ಗೆಳೆಯರಲ್ಲೇ ಈ ಬಗ್ಗೆ ಜಗಳವಾಗಿದೆ. ಅವಮಾನ ಉಂಡವನು ತಿರುಗಿ ನಗಾಡುವುದೂ ಒಂದು ಬಂಡಾಯ. ಗೌಡನ ಮುಂದೆ ಚಪ್ಪಲಿ ಮೆಟ್ಟಿ, ಮೀಸೆ ತಿರುವಿ ನಡೆದ ನಮ್ಮ ಹುಡುಗರಿಗೆ ಅದು ಗೊತ್ತು. ಆದರೆ ನಗಾಡಿದ ಸಂಜೆ ಮುಗಿದ ಮೇಲೆ ಕೈಯಲ್ಲಿ ಉಳಿಯುವುದೇನು ಎಂಬ ಲಾನ ಪ್ರಶ್ನೆಯೂ ಇದೆ. ಎರಡೂ ಬೇಕು ಎಂದು ನಮಗನ್ನಿಸುತ್ತದೆ. ಬ್ಯಾಕ್ಸ್ಟರ್‌ಗೆ ಮೊದಲನೆಯದು ಮಾತ್ರ ಗೊತ್ತಿತ್ತು.

ಆ ವರ್ಷವೇ ಸೆಪ್ಟೆಂಬರ್ 9ರಂದು ಫೈಫಿನ ಮೈಕೇಲ್ ಗಣಿಗೆ ಬೆಂಕಿ ಬಿದ್ದು 9 ಜನ ಸತ್ತರು. ಗಣಿಯೇ ಮುಚ್ಚಿಹೋಯಿತು. ಏಪ್ರಿಲ್‌ನಲ್ಲಿ ವೆಂಬ್ಲಿಯ ಗೆಲುವಿಗೆ ಕುಣಿದ ಜಿಲ್ಲೆ ಸೆಪ್ಟೆಂಬರ್‌ನಲ್ಲಿ ಹೆಣ ಎಣಿಸಿತು.

1967ರ ಕೊನೆಯಲ್ಲಿ ಸಂಡರ್‌ಲೆಂಡ್ ಆತನನ್ನು ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 1,00,000 ಪೌಂಡಿಗೆ ಮಾರಿತು. ಇದು ಮೂರನೆಯ ಬೆಲೆ, ಎಲ್ಲಕ್ಕಿಂತ ದೊಡ್ಡದು. ದೇಹ ಕುಸಿಯುತ್ತಾ ಬಂದಂತೆ ಬೆಲೆ ಏರುತ್ತಾ ಹೋಯಿತು. ಸಂತೆಯಲ್ಲಿ ಹೆಸರಿಗೆ ದುಡ್ಡು, ಹಲ್ಲು ಎಣಿಸಿದವರು ಯಾರೂ ಇಲ್ಲ. ಸುಮಾರು 50 ಪಂದ್ಯ ಆದ ಮೇಲೆ, 1969ರಲ್ಲಿ, ಫಾರೆಸ್ಟ್ ಬ್ಯಾಕ್ಸ್ಟರ್‌ನನ್ನು ಪುಕ್ಕಟೆ ಬಿಟ್ಟಿತು. ನಾಲ್ಕನೆಯ ಬೆಲೆ: ಸೊನ್ನೆ. ಹಳೆಯ ರೇಂಜರ್ಸ್ ಕರೆದುಕೊಂಡಿತು. ಕರೆತಂದ ಮ್ಯಾನೇಜರ್ ಕೆಲವೇ ತಿಂಗಳಲ್ಲಿ ಕೆಲಸ ಕಳೆದುಕೊಂಡ. ಹೊಸಬನಿಗೆ ಇವನು ಬೇಡವಾದ. 1970ರಲ್ಲಿ ಆಟ ಮುಗಿಯಿತು. ಸ್ಕಾಟ್ಲೆಂಡಿಗಾಗಿ 34 ಪಂದ್ಯ. ಅದರಲ್ಲಿ ಇಂಗ್ಲೆಂಡ್ ವಿರುದ್ಧ 5, ಸೋತದ್ದು ಒಂದೇ ಒಂದು.

7

ಆಟ ಬಿಟ್ಟವನು ಗ್ಲಾಸ್ಗೋದಲ್ಲಿ ಹಿಡಿದದ್ದು ಒಂದು ಪಬ್ಬು. ಕುಡುಕನ ಕೈಗೆ ಹೆಂಡದಂಗಡಿಯ ಬೀಗದ ಕೈ. ಜೂಜು ಬೇರೆ, ಲಕ್ಷಗಟ್ಟಲೆ ಪೌಂಡ್ ಅದರಲ್ಲಿ ಹೋಯಿತು. ಈಗಿನ ಆಟಗಾರರ ಹಾಗೆ ದೊಡ್ಡ ಸಂಬಳ ಸಿಕ್ಕಿದ್ದರೆ ನಿನ್ನ ಬದುಕು ಬೇರೆ ಆಗುತ್ತಿತ್ತೆ ಎಂದು ಯಾರೋ ಕೇಳಿದ್ದಕ್ಕೆ, ಆಗುತ್ತಿತ್ತು, ಜೂಜಿಗೆ ವಾರಕ್ಕೆ 100 ಪೌಂಡ್ ಕಟ್ಟುವ ಬದಲು 50,000 ಕಟ್ಟುತ್ತಿದ್ದೆ ಎಂಬರ್ಥದ ಮಾತನ್ನು ಬ್ಯಾಕ್ಸ್ಟರ್ ಹೇಳಿದನಂತೆ.

ಈ ಮಾತನ್ನು ನಾವು ಮರೆಮಾಚುವುದಿಲ್ಲ. ನಾವು ಇಷ್ಟು ಹೊತ್ತು ಕಟ್ಟಿದ ವಾದಕ್ಕೆ ಆತನೇ ಕೊಟ್ಟ ಪೆಟ್ಟು ಇದು. ಎಲ್ಲ ತಪ್ಪನ್ನೂ ವ್ಯವಸ್ಥೆಯ ತಲೆಗೆ ಕಟ್ಟಿ ಕೈತೊಳೆದುಕೊಂಡರೆ ಮನುಷ್ಯನನ್ನು ಗೊಂಬೆ ಮಾಡಿದಂತೆ. ಅದೇ ಗಣಿಯ ಧೂಳು ಕುಡಿದ ಜಾಕ್ ಸ್ಟೀನ್ ಹೆಂಡ ಮುಟ್ಟಲಿಲ್ಲ. ಪ್ರಾಟೆಸ್ಟೆಂಟನಾಗಿದ್ದೂ ಸೆಲ್ಟಿಕ್ ತಂಡದ ಮ್ಯಾನೇಜರ್ ಆಗಿ, 1967ರ ಮೇನಲ್ಲಿ, ಗ್ಲಾಸ್ಗೋ ಸುತ್ತಮುತ್ತ ಹುಟ್ಟಿದ ಹುಡುಗರನ್ನೇ ಕಟ್ಟಿಕೊಂಡು ಯೂರೋಪಿಯನ್ ಕಪ್ ಗೆದ್ದ. ಆಯ್ಕೆ ಎನ್ನುವುದು ಇತ್ತು. ಬ್ಯಾಕ್ಸ್ಟರ್ ತಪ್ಪು ಆಯ್ಕೆ ಮಾಡಿದ.

ಆದರೆ ತಪ್ಪು ಮಾಡಿದವನಿಗೆ ಏನು ಸಲ್ಲಬೇಕು ಎನ್ನುವುದು ಬೇರೆಯೇ ಪ್ರಶ್ನೆ. 1994ರಲ್ಲಿ ಆತನ ಪಿತ್ತಜನಕಾಂಗ, ಜನ ಲಿವರ್ ಅನ್ನುತ್ತಾರಲ್ಲ ಅದು, ಪೂರ್ತಿ ಕೈಕೊಟ್ಟಿತು. ಬೇರೆಯವರ ಲಿವರ್ ತೆಗೆದು ಕಸಿ ಮಾಡಿದರು. ಅದು ಹಿಡಿಯಲಿಲ್ಲ. ಇನ್ನೊಂದು ಮಾಡಿದರು. ಕುಡಿದು ಕೆಡಿಸಿಕೊಂಡವನಿಗೆ ಎರಡೆರಡು ಲಿವರ್ ಯಾಕೆ ಎಂಬ ಪ್ರಶ್ನೆ ಎದ್ದಿತು. ಯೋಗ್ಯರು ಸಾಲಿನಲ್ಲಿ ಕಾಯುತ್ತಿಲ್ಲವೇ ಎಂದರು.

ಬ್ರಿಟನ್ನಿನಲ್ಲಿ ಎಲ್ಲರಿಗೂ ದುಡ್ಡಿಲ್ಲದೆ ಚಿಕಿತ್ಸೆ ಕೊಡುವ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದದ್ದು 1948ರ ಜುಲೈ 5ರಂದು. ಅದನ್ನು ಕಟ್ಟಿದ ಮಂತ್ರಿ ಅನ್ಯೂರಿನ್ ಬೆವನ್. ಆತ ವೇಲ್ಸಿನ ಗಣಿಗಾರನ ಮಗ, ಹುಡುಗನಾಗಿದ್ದಾಗಲೇ ಗಣಿಗೆ ಇಳಿದವನು. ಒಳ್ಳೆಯ ನಡತೆಯ ಚೀಟಿ ತಂದವರಿಗೆ ಮಾತ್ರ ಮದ್ದು ಎಂದು ಅವನು ಬರೆಯಲಿಲ್ಲ. ಕಾಯಿಲೆ ಬಿದ್ದವನಿಗೆ ಮದ್ದು, ಅಷ್ಟೆ. ಆಸ್ಪತ್ರೆಯ ಬಾಗಿಲಲ್ಲಿ ಯೋಗ್ಯತೆ ಅಳೆಯಲು ಕೂತರೆ ಮೊದಲು ಹೊರಬೀಳುವವರು ಯಾರೆಂದು ಗಣಿಗಾರನಿಗೆ ಗೊತ್ತಿತ್ತು. ನಮಗೂ ಗೊತ್ತು. ಶಾಲೆ, ಕೆರೆ, ದೇವಸ್ಥಾನ, ಪ್ರತಿಯೊಂದರ ಬಾಗಿಲಲ್ಲೂ ನಮಗೆ ಕೇಳಿದ್ದು 'ಯೋಗ್ಯತೆ ಇದೆಯೇ' ಎಂದೇ.

ಹೊಸ ಲಿವರ್ ಬಂದ ಮೇಲೆ ಬ್ಯಾಕ್ಸ್ಟರ್ ಕುಡಿಯುವುದಿಲ್ಲವೆಂದು ಆಣೆ ಮಾಡಿದ. 6 ವರ್ಷಕ್ಕೂ ಹೆಚ್ಚು ಬದುಕಿದ. 2001ರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕಾಣಿಸಿಕೊಂಡು ಏಪ್ರಿಲ್ 14ರಂದು ತೀರಿಕೊಂಡ. ವಯಸ್ಸು 61. ಮರುದಿನಕ್ಕೆ ಆ ವೆಂಬ್ಲಿಯ ಆಟಕ್ಕೆ 34 ವರ್ಷ ತುಂಬಿತು.

ಈಗ ಮೇಷ್ಟರ ಪ್ರಶ್ನೆಗೆ ಬರೋಣ. ನಮ್ಮ ಚಳವಳಿಯ ಮೆರವಣಿಗೆಗಳಲ್ಲಿ ಮುಂದೆ ನಿಂತು ತಮಟೆ ಬಡಿದವರನ್ನು, ಕಂಠ ಬಿರಿಯುವಂತೆ ಹಾಡಿದವರನ್ನು, ಕಬಡ್ಡಿಯಲ್ಲಿ ತಾಲ್ಲೂಕಿಗೇ ಹೆಸರು ತಂದವರನ್ನು ನೆನಪು ಮಾಡಿಕೊಳ್ಳಿ. ಅವರಲ್ಲಿ ಎಷ್ಟು ಜನ ಇಂದು ಇದ್ದಾರೆ? ನಾವು ಅವರ ಹಾಡು ಕೇಳಿದೆವು, ಚಪ್ಪಾಳೆ ತಟ್ಟಿದೆವು, ಖರ್ಚಿಗೆ ಅಂತ ಕೈಗಿಷ್ಟು ಕೊಟ್ಟೆವು. ಅದು ಸಂಜೆಗೆ ಎಲ್ಲಿಗೆ ಹೋಗುತ್ತದೆಂದು ನಮಗೆ ಗೊತ್ತಿತ್ತು. ಸತ್ತಾಗ ಕುಡಿದು ಸತ್ತ ಅಂತ ಹೇಳಿ ಬಂದೆವು. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ. ಕುಡಿತ ನಿಂತಿಲ್ಲ, ಅಂಗಡಿ ಬದಲಾಗಿದೆ. ಕುಡಿತದ ವಿರುದ್ಧ ಹೋರಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕುಡಿದವನನ್ನು ಬಿಟ್ಟುಕೊಟ್ಟು ಕುಡಿತದ ವಿರುದ್ಧ ಹೋರಾಡುವುದು ಸಾಧ್ಯವಿಲ್ಲ. ಬೆಲೆ ಇದ್ದಾಗ ಕೊಂಡು ಇಲ್ಲದಾಗ ಪುಕ್ಕಟೆ ಬಿಟ್ಟ ಕ್ಲಬ್ಬುಗಳ ಸಾಲಿನಲ್ಲಿ ನಾವೂ ನಿಲ್ಲಬಾರದಲ್ಲ.

2002ರಲ್ಲಿ ಫೈಫಿನ ಲಾಂಗ್ಯಾನೆಟ್ ಗಣಿಗೆ ನೀರು ನುಗ್ಗಿ ಅದು ಮುಚ್ಚಿತು. ಸ್ಕಾಟ್ಲೆಂಡಿನ ಕೊನೆಯ ಆಳದ ಕಲ್ಲಿದ್ದಲ ಗಣಿ ಅದು. ಮರುವರ್ಷ, 2003ರಲ್ಲಿ, ಹಿಲ್ ಆಫ್ ಬೀತ್‌ನಲ್ಲಿ ಬ್ಯಾಕ್ಸ್ಟರ್‌ನ ಪ್ರತಿಮೆ ನಿಂತಿತು. ಗಣಿಗಳಿಲ್ಲದ ಗಣಿಹಳ್ಳಿಯಲ್ಲಿ ಕಾಲಡಿ ಚೆಂಡಿಟ್ಟುಕೊಂಡು ನಿಂತಿದ್ದಾನೆ. ಕುಡುಕನಿಗೆ ಪ್ರತಿಮೆ ಯಾಕೆ ಅಂತ ಹೊರಗಿನವರು ಕೇಳಿದ್ದರೂ ಕೇಳಿರಬಹುದು. ಊರಿನವರು ಅವನನ್ನು ತಮ್ಮವನೆಂದರು. ಅವರಿಗೆ ಅವನ ತಪ್ಪುಗಳು ಹೊರಗಿನವರಿಗಿಂತ ಚೆನ್ನಾಗಿ ಗೊತ್ತಿದ್ದವು.